ಅಚ್ಚಿನ ಮಾವ ಕೊಟ್ಟ ಲೆಕ್ಕ

ನಮ್ಮ ಯಜಮಾನರಿಗೆ ಕೆಟ್ಟ ಚಟ ಒಂದೂ ಇಲ್ಲ. ಕುಡಿಯುವುದಿಲ್ಲ, ಸೇದುವುದಿಲ್ಲ, ಇಸ್ಪೀಟು ಮುಟ್ಟುವುದಿಲ್ಲ. ನಮ್ಮ ನಾದಿನಿ ಹೀಗೆ ಹೇಳಿಕೊಂಡು ತಿರುಗುವಾಗಲೆಲ್ಲ ನನಗೆ ಒಳಗೊಳಗೇ ನಗು. ಇವರಿಗಿರುವುದು ಒಂದೇ ಚಟ. ಕೇಳುವ ಕಿವಿ ಸಿಕ್ಕರೆ ಸಾಕು, ಮಾತಿಗೆ ಒಗ್ಗರಣೆ ಹಾಕುತ್ತಾರೆ. ಬೀದಿ ನಾಯಿ ಬೊಗಳಿದ್ದನ್ನು ಹೇಳಲು ಶುರುಮಾಡಿದರೆ ಮುಗಿಸುವ ಹೊತ್ತಿಗೆ ಅದು ತೋಳವಾಗಿರುತ್ತದೆ. ಮದುವೆಯಾದ ಹೊಸತರಲ್ಲಿ ನಾನೂ ಬಾಯಿ ಬಿಟ್ಟುಕೊಂಡು ಕೇಳಿದವಳೇ. ಈಗ ಅರ್ಧ ಕೇಳಿಸಿಕೊಂಡು, ಅದರಲ್ಲಿ ಕಾಲು ಭಾಗ ನಂಬಿ, ನನ್ನ ಕೆಲಸ ನೋಡಿಕೊಳ್ಳುತ್ತೇನೆ.

ನಮ್ಮದು ಅಂಗಿಗಳ ಮೇಲೆ ಹೆಸರು, ನಂಬರು ಅಚ್ಚು ಹಾಕಿಕೊಡುವ ಅಂಗಡಿ. ಮುಂದಿನ ಕೋಣೆಯಲ್ಲಿ ಹೀಟ್ ಪ್ರೆಸ್, ಅಕ್ಷರ ಕತ್ತರಿಸುವ ಯಂತ್ರ, ಆಗಾಗ ಮುನಿಸಿಕೊಳ್ಳುವ ಒಂದು ಕಂಪ್ಯೂಟರು. ಹಿಂದಿನ ಕೋಣೆಯಲ್ಲಿ ನಮ್ಮ ಅಡುಗೆ, ಹಾಸಿಗೆ. ಬಣ್ಣದ ಹಾಳೆಯ ಮೇಲೆ ಯಂತ್ರ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ ಕತ್ತರಿಸುತ್ತದೆ. ನಾನು ಚಿಮುಟ ಹಿಡಿದು ಅಕ್ಷರಗಳ ಹೊಟ್ಟೆಯೊಳಗಿನ ಬೇಡದ ಚೂರುಗಳನ್ನು ಕಿತ್ತು ತೆಗೆಯಬೇಕು. ಆಮೇಲೆ ಇವರು ಅದನ್ನು ಅಂಗಿಯ ಬೆನ್ನಿಗಿಟ್ಟು ಪ್ರೆಸ್ಸಿನ ಬಾಯಿ ಮುಚ್ಚುತ್ತಾರೆ. ಶಾಖ ಕೊಂಚ ಹೆಚ್ಚಾದರೆ ಅಂಗಿ ಸುಟ್ಟು ಮುರುಟುತ್ತದೆ, ಕಡಿಮೆಯಾದರೆ ಮೊದಲ ಒಗೆತಕ್ಕೇ ಅಕ್ಷರ ಎದ್ದು ಬರುತ್ತದೆ. ಕೈಕೆಲಸದಲ್ಲಿ ಇವರನ್ನು ಮೀರಿಸುವವರಿಲ್ಲ, ಅದನ್ನು ನಾನೂ ಒಪ್ಪುತ್ತೇನೆ. ಬೀದಿಯ ಮಕ್ಕಳೆಲ್ಲ ಇವರನ್ನು ಅಚ್ಚಿನ ಮಾವ ಎಂದೇ ಕರೆಯುವುದು.

ಹುಡುಗರಿಗೆ ಇವರೆಂದರೆ ಪ್ರಾಣ. ಕಾರಣ, ಫುಟ್‌ಬಾಲ್ ಟೀಮಿಗೆ ಹೆಸರಿಡುವುದು ಇವರ ಕೆಲಸ. ನಮ್ಮ ಬೀದಿಯ ಟೀಮಿನಲ್ಲಿ ಹದಿಮೂರು ಹುಡುಗರು, ಆಡುವವರು ಹನ್ನೊಂದು, ಹೊರಗೆ ಕೂತು ಬೈಯುವವರು ಇಬ್ಬರು. ಅವರಲ್ಲೊಂದು ವಿಚಿತ್ರ ಪದ್ಧತಿ. ಒಂದು ವರ್ಷ ಸೋತರೆ ಆ ಹೆಸರನ್ನು ಮತ್ತೆ ಬಾಯಲ್ಲಿ ಎತ್ತುವ ಹಾಗಿಲ್ಲ, ಸೋತ ಹೆಸರಿಗೆ ದರಿದ್ರ ಅಂಟಿಕೊಂಡಿರುತ್ತದಂತೆ. ಮುಂದಿನ ವರ್ಷ ಹೊಸ ಹೆಸರು, ಹೊಸ ಬಣ್ಣ, ಹುಡುಗರಿಗೂ ಹೊಸ ಅಡ್ಡಹೆಸರು. ಮೊದಲ ವರ್ಷ ಕರಿಚೇಳು, ಎರಡನೆಯ ವರ್ಷ ಉರಿಗಣ್ಣು, ಮೂರನೆಯ ವರ್ಷ ಕೊನೆಯುಸಿರು. ಮೂರೂ ಇವರೇ ಇಟ್ಟದ್ದು. "ಕೊನೆಯುಸಿರು ಅಂತ ಬರ್ಕೊಂಡು ಓಡಿದ್ರೆ ಆಂಬುಲೆನ್ಸ್ ಹಿಂದೆ ಬರುತ್ತೆ ಅಷ್ಟೇ," ಎಂದು ನಾನು ಹಾಸ್ಯ ಮಾಡಿದ್ದೆ. ಹೆಸರು ಕೇಳಿದರೇ ಎದುರಿನವರ ಕಾಲು ನಡುಗಬೇಕು, ನಿನಗೇನು ತಿಳಿಯುತ್ತದೆ ಎಂದು ಇವರು ನನ್ನ ಬಾಯಿ ಮುಚ್ಚಿಸಿದರು. ಪ್ರತಿ ಸಲವೂ ಒಂದೊಂದು ಅಂಗಿಯನ್ನು ಮಾದರಿಗೆಂದು ಹೆಚ್ಚಿಗೆ ಮಾಡಿ ಅಂಗಡಿಯ ಗೋಡೆಗೆ ತೂಗುಹಾಕುತ್ತಿದ್ದರು.

ಆ ಟೀಮಿನ ಮುಖ್ಯ ಆಟಗಾರ ನನ್ನ ನಾದಿನಿಯ ಮಗ, ಇವರ ಸೋದರಳಿಯ. ನಾದಿನಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಾಳೆ, ಗಂಡ ಬಿಟ್ಟುಹೋಗಿ ಬಹಳ ಕಾಲವಾಯಿತು. ಹುಡುಗ ಸಣ್ಣವನಿದ್ದಾಗ ಅವಳು ಕೆಲಸಕ್ಕೆ ಹೋದರೆ ನಮ್ಮ ಪ್ರೆಸ್ಸಿನ ಪಕ್ಕದಲ್ಲೇ ಮಲಗಿ ನಿದ್ದೆಮಾಡುತ್ತಿದ್ದ. ನಮಗೆ ಮಕ್ಕಳಿಲ್ಲ. ಮೊದಲ ವರ್ಷದ ಅಂಗಿಯ ಮೇಲೆ ಅವನು ಬಡಕ, ಎರಡನೆಯದರಲ್ಲಿ ಸಿಡಿಲು, ಮೂರನೆಯದರಲ್ಲಿ ಕೊಡಲಿ. ಗೋಡೆಯ ಮಾದರಿ ಅಂಗಿಗಳ ಮೇಲೂ ಅವನ ಹೆಸರೇ. ಆ ಮೂರನೆಯ ವರ್ಷ, ಗೋದಾಮು ಬೀದಿಯವರ ಮೇಲೆ ಆಡಿದ ಪಂದ್ಯದಲ್ಲಿ ಅವನೊಬ್ಬನೇ ಮೂರು ಗೋಲು ಹೊಡೆದ. ಮೂರನೆಯದು ಹೊಡೆದಾಗ ನಮ್ಮ ಯಜಮಾನರು ಗೆರೆ ದಾಟಿ ಮೈದಾನದೊಳಗೇ ನುಗ್ಗಿ, ರೆಫ್ರಿ ಕೈಲಿ ಬೈಸಿಕೊಂಡು, ಅಳುತ್ತಾ ನಿಂತಿದ್ದರು. ಇದಕ್ಕೆ ಮಾತ್ರ ಒಗ್ಗರಣೆ ಹಾಕಿಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ.

ಇಷ್ಟು ಹೇಳಿದ್ದು ಏಕೆಂದರೆ ಮುಂದಿನದು ಹೇಳಲು ನನಗೆ ನಾಚಿಕೆ.

ಸಮೀಕ್ಷೆಯ ಮೇಡಂ ನಮ್ಮ ಅಂಗಡಿಗೆ ಬಂದದ್ದು ಒಂದು ಮಧ್ಯಾಹ್ನ. ನಗರದ ಬೇರೆ ಕಡೆಗಳಲ್ಲಿ ಹುಡುಗರ ಗುಂಪುಗಳು ಬಡಿದಾಡಿಕೊಂಡು ಪತ್ರಿಕೆಗಳಲ್ಲಿ ಗಲಾಟೆಯಾಗಿತ್ತು. ಯಾವ ಬಡಾವಣೆಯಲ್ಲಿ ಎಷ್ಟು ಗ್ಯಾಂಗುಗಳಿವೆ, ಒಂದೊಂದರಲ್ಲಿ ಎಷ್ಟು ಜನ, ಎಷ್ಟರಮಟ್ಟಿಗೆ ಬಲಿತಿದ್ದಾರೆ ಎಂದು ಅಂದಾಜು ಮಾಡಲು ನಗರ ಕಚೇರಿಯವರು ಆಕೆಯನ್ನು ಕಳಿಸಿದ್ದರು. ಚಿಕ್ಕ ವಯಸ್ಸಿನ ಹುಡುಗಿ. ಮನೆಮನೆ ಸುತ್ತಿ ಮುಖ ಬಾಡಿತ್ತು. ಪ್ರತಿ ಮನೆಯವರೂ "ನಮ್ಮ ಬೀದೀಲಿ ಅಂಥೋರು ಯಾರೂ ಇಲ್ಲಮ್ಮ, ಪಕ್ಕದ ಬೀದೀಲಿ ವಿಚಾರಿಸಿ" ಎಂದಿದ್ದರಂತೆ. ಪಕ್ಕದ ಬೀದಿಯವರು ನಮ್ಮ ಬೀದಿಯ ಕಡೆ ಕೈ ತೋರಿಸಿದ್ದರಂತೆ. ನೀರು ಕೇಳಿ ಒಳಗೆ ಬಂದವಳು, ಲೋಟ ಕೈಗೆ ತೆಗೆದುಕೊಳ್ಳುವ ಮೊದಲೇ ಗೋಡೆಯ ಮೇಲಿನ ಅಂಗಿಗಳನ್ನು ನೋಡಿ ನಿಂತುಬಿಟ್ಟಳು.

"ಇವೆಲ್ಲ ಈ ಬೀದಿ ಹುಡುಗರದ್ದಾ ಸರ್?"

ಸರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನಮ್ಮವರು ಹಿಗ್ಗಿ ಹೀರೇಕಾಯಿಯಾದರು. ಪ್ರೆಸ್ ಆರಿಸಿ, ಕುರ್ಚಿ ಒರೆಸಿ, ನನಗೆ ಟೀ ಮಾಡಲು ಹೇಳಿದರು. ನಾನೂ ಒಳ್ಳೆಯ ಕಪ್ಪನ್ನೇ ಹುಡುಕಿ ತೆಗೆದೆ.

"ಇನ್ನೇನು ಮೇಡಂ. ಒಂದೊಂದು ಅಂಗಿ ಹಿಂದೂ ಒಂದೊಂದು ಕಥೆ ಇದೆ."

"ಕೊನೆಯುಸಿರು ಅಂದ್ರೆ?"

"ಎದುರಿಗೆ ಬಂದೋರದ್ದು ಮೇಡಂ."

ಆಕೆ ಪೆನ್ನು ತೆಗೆದಳು. ಕಿವುಡಿಯಲ್ಲ, ದಡ್ಡಿಯೂ ಅಲ್ಲ. ಕೇಳಬೇಕಾದ್ದನ್ನೇ ಕೇಳಿದಳು. "ಈ ಮೂರು ಗುಂಪಲ್ಲೂ ಇರೋದು ಬೇರೆ ಬೇರೆ ಹುಡುಗರಾ ಸರ್?"

ಇಲ್ಲ ಎಂದು ಹೇಳಿಬಿಟ್ಟರೆ ಟೀ ಮುಗಿಸಿ ಎದ್ದು ಹೋಗುತ್ತಾಳೆ. ಅದು ಇವರಿಗೆ ಗೊತ್ತಿತ್ತು. "ಹಳೇ ಹೆಸರು ಹೇಳಿದ್ರೆ ಈಗಿನೋರಿಗೆ ಆಗಲ್ಲ ಮೇಡಂ. ಮುಖ ಕೆಂಪಗಾಗುತ್ತೆ," ಎಂದರು. ಸುಳ್ಳಲ್ಲ. ನಿಜವೂ ಅಲ್ಲ. ಚಿಮುಟ ಹಿಡಿದು ಕೂತಿದ್ದ ನಾನು, ಎಂಥ ಜಾಣ ಉತ್ತರ ಎಂದುಕೊಂಡೆ.

"ಈ ಕೊಡಲಿ ಅನ್ನೋನು ಯಾರು?"

"ಅವನಾ? ಅವನೇ ಎಲ್ಲಕ್ಕೂ ಮುಂದೆ. ಹೋದ ಸಲ ಒಂದೇ ಸಂಜೆಗೆ ಮೂರು ಹೊಡೆದ."

ಮೇಡಂ ಬರೆಯುತ್ತಿದ್ದ ಕೈ ನಿಂತಿತು. ತಲೆ ಎತ್ತಿದಳು. "ಮೂರು ಜನಕ್ಕಾ?"

ಗೋಲು ಎಂಬ ಒಂದೇ ಮಾತು ಸಾಕಿತ್ತು. ಅದು ಇವರ ತುಟಿಯವರೆಗೆ ಬಂದದ್ದನ್ನು ನಾನು ನೋಡಿದೆ. ಆದರೆ ಆಕೆಯ ಕಣ್ಣುಗಳು ಅಗಲವಾಗಿದ್ದವು. ಇಷ್ಟು ವರ್ಷದಲ್ಲಿ ಇವರ ಮಾತನ್ನು ಅಷ್ಟು ಕಣ್ಣರಳಿಸಿ ಕೇಳಿದವರು ಯಾರೂ ಇರಲಿಲ್ಲ. "ಬಿದ್ದೋರನ್ನ ಎಣಿಸ್ತಾ ಕೂರೋಕಾಗುತ್ತಾ ಮೇಡಂ?" ಎಂದರು. ನಾನು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕೆ. ಸೋತ ಗೋದಾಮು ಬೀದಿಯವರ ಮುಖ ನೆನಪಾಗಿತ್ತು. ಮೇಡಂಗೂ ತಮಾಷೆ ಅರ್ಥವಾಗಿರುತ್ತದೆ ಎಂದುಕೊಂಡೆ. ಆಕೆ ನಗಲಿಲ್ಲ. ಒಂದೊಂದು ಹೆಸರಿಗೆ ಹದಿಮೂರು ಅಂಗಿ ಎಂದು ಇವರಿಂದ ಕೇಳಿ ಬರೆದುಕೊಂಡು, ಅಂಗಿಗಳ ಫೋಟೋ ಹಿಡಿದು, "ಇಷ್ಟು ಧೈರ್ಯವಾಗಿ ಮಾತಾಡಿದ್ದು ನೀವೊಬ್ರೇ ಸರ್" ಎಂದು ಕೈಮುಗಿದು ಹೋದಳು.

ಧೈರ್ಯ ಎಂಬ ಮಾತು ನೆನೆದರೆ ಈಗಲೂ ನನ್ನ ಮೈ ಹಿಡಿಯಾಗುತ್ತದೆ. ನಮ್ಮ ಬೀದಿಯ ತುದಿಯಲ್ಲಿ, ಮುಚ್ಚಿಹೋದ ಪೆಟ್ರೋಲ್ ಬಂಕಿನ ಹತ್ತಿರ, ಇಬ್ಬರು ನಿಲ್ಲುತ್ತಾರೆ. ಹುಡುಗರಲ್ಲ, ಬಲಿತ ಗಂಡಸರು. ಸಣ್ಣ ಮಕ್ಕಳ ಕೈಯಲ್ಲಿ ಪೊಟ್ಟಣ ಕೊಟ್ಟು ಅಲ್ಲಿಗೆ ಇಲ್ಲಿಗೆ ಕಳಿಸುತ್ತಾರೆ. ಅವರಿಗೆ ಹೆಸರಿಲ್ಲ, ಬಣ್ಣವಿಲ್ಲ, ಬೆನ್ನ ಮೇಲೆ ನಂಬರಿಲ್ಲ. ಆ ದಾರಿಯಲ್ಲಿ ಹೋಗುವಾಗ ನಮ್ಮ ಯಜಮಾನರು ಚಪ್ಪಲಿ ನೋಡಿಕೊಂಡು ನಡೆಯುತ್ತಾರೆ, ನಾನೂ ಅಷ್ಟೇ. ಅವರ ವಿಷಯ ಮೇಡಂ ಹತ್ತಿರ ಯಾವ ಮನೆಯವರೂ ಎತ್ತಲಿಲ್ಲ, ಇವರೂ ಎತ್ತಲಿಲ್ಲ. ನಮ್ಮನ್ನು ಏನೂ ಮಾಡಲಾರದ ಮಕ್ಕಳ ಮೇಲೆ ಮಾತ್ರ ಇವರ ನಾಲಿಗೆ ಓಡಿತು.

ಕೆಲವು ವಾರ ಕಳೆದ ಮೇಲೆ ಮೈದಾನದ ಗೇಟಿಗೆ ಬೀಗ ಬಿತ್ತು. ಪೊಲೀಸ್ ಜೀಪು ಸಂಜೆ ಬಂದು ನಿಲ್ಲತೊಡಗಿತು. ನಮ್ಮ ಬೀದಿಯಲ್ಲಿ ಮೂರು ಗ್ಯಾಂಗು, ಸುಮಾರು ನಲವತ್ತು ಜನ ಎಂದು ವರದಿಯಾಗಿದೆ ಎಂಬ ಸುದ್ದಿ ಹಬ್ಬಿತು. ಹದಿಮೂರು ಮಕ್ಕಳಿಗೆ ಮೂರು ಮೂರು ಅಂಗಿ. ನನಗೆ ಕೂಡಿಸಲು ಬರುತ್ತದೆ. ಇವರ ಮುಖ ನೋಡಿದೆ. ಇವರು ಹೀಟ್ ಪ್ರೆಸ್ಸಿನ ಸ್ಕ್ರೂ ಬಿಗಿ ಮಾಡುತ್ತಿದ್ದರು, ಅದು ಬಿಗಿಯಾಗಿಯೇ ಇತ್ತು.

"ರೀ, ಹೋಗಿ ಹೇಳ್ಬಿಡಿ."

"ಏನಂತ ಹೇಳ್ಲೇ? ಅವರಾಗೇ ತಪ್ಪು ತಿಳ್ಕೊಂಡ್ರೆ ನಾನೇನು ಮಾಡ್ಲಿ? ನಾಲ್ಕು ದಿನ ಹೋದ್ರೆ ತಣ್ಣಗಾಗುತ್ತೆ."

ತಣ್ಣಗಾಗಲಿಲ್ಲ. ನಾದಿನಿಯ ಮಗ ಅಗ್ನಿಶಾಮಕ ದಳದ ಕೆಲಸಕ್ಕೆ ಅರ್ಜಿ ಹಾಕಿದ್ದ. ಓಟದಲ್ಲಿ ಮೊದಲಿಗ, ಹಗ್ಗ ಹತ್ತಿದ, ಮರಳಿನ ಮೂಟೆ ಹೊತ್ತು ಮೆಟ್ಟಿಲೇರಿದ. ಉಳಿದದ್ದು ನಡತೆಯ ವಿಚಾರಣೆ ಒಂದೇ. ಪಾಪದ ಹುಡುಗ, ಅದೃಷ್ಟದ ಅಂಗಿ ಎಂದು ಕೊಡಲಿ ಎಂಬ ಹೆಸರಿದ್ದ ಅಂಗಿಯನ್ನೇ ಹಾಕಿಕೊಂಡು ಓಟಕ್ಕೆ ಹೋಗಿದ್ದ. ದಳದವರಿಂದ ಪತ್ರ ಬಂತು. ಗ್ಯಾಂಗಿನ ಮುಖಂಡ, ಮೂವರ ಮೇಲೆ ಹಲ್ಲೆ ಮಾಡಿದವನು ಎಂದು ವರದಿ ಇರುವುದರಿಂದ ತೆಗೆದುಕೊಳ್ಳಲಾಗುವುದಿಲ್ಲ. ತಿಂಗಳ ಕೊನೆಯೊಳಗೆ ಆ ವರದಿಗೆ ಮಾಹಿತಿ ಕೊಟ್ಟವರೇ ಹೋಗಿ ತಿದ್ದಿಸಿದರೆ ಸರಿ, ಇಲ್ಲದಿದ್ದರೆ ಜಾಗ ಮುಂದಿನವನಿಗೆ.

ನಾದಿನಿ ಕ್ಯಾಂಟೀನಿನ ಏಪ್ರನ್ನಿನಲ್ಲೇ ಓಡಿ ಬಂದಳು. ಪತ್ರವನ್ನು ಅಣ್ಣನ ಕೈಗೆ ಕೊಟ್ಟು ಸ್ಟೂಲಿನ ಮೇಲೆ ಕೂತಳು. ಇವರು ಅದನ್ನು ಎರಡೆರಡು ಸಲ ಓದಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ನಾನು ಕಾದೆ.

"ಯಾರೋ ಆಗದೋರು ಹೇಳಿರ್ಬೇಕು," ಎಂದರು ನಮ್ಮ ಯಜಮಾನರು. "ವಿಚಾರಿಸ್ತೀನಿ. ನಂಗೆ ಆ ಮೇಡಂ ಪರಿಚಯ ಇದೆ."

ಆಗಲೇ ನಾನು ಬಾಯಿ ಬಿಡಬೇಕಿತ್ತು ಎನ್ನುತ್ತೀರಿ. ಗಂಡನ ಮರ್ಯಾದೆಯನ್ನು ಅವನ ತಂಗಿಯ ಮುಂದೆ ತೆಗೆಯುವುದು ಹೇಗೆ ಎಂದುಕೊಂಡೆ. ಮರ್ಯಾದೆ ಎಂದರೆ ಏನೆಂದುಕೊಂಡಿದ್ದೆನೋ ದೇವರಿಗೇ ಗೊತ್ತು.

ಅವಳು ಅಂದಿನಿಂದ ದಿನಾ ಬರತೊಡಗಿದಳು. ಕೆಲಸ ಮುಗಿಸಿ, ಮನೆಗೂ ಹೋಗದೆ, ಅದೇ ಸ್ಟೂಲಿನ ಮೇಲೆ ಕೂರುವಳು. "ಏನಾದ್ರೂ ಗೊತ್ತಾಯ್ತಾ ಅಣ್ಣ?" ಎನ್ನುವಳು. ಜಗಳವಿಲ್ಲ, ಅಳುವಿಲ್ಲ. ಇವರು ಒಂದು ದಿನ ಮೇಡಂ ರಜೆ ಎಂದರು, ಒಂದು ದಿನ ಕಡತ ಮೇಲಿನವರ ಹತ್ತಿರ ಹೋಗಿದೆ ಎಂದರು, ಇನ್ನೊಂದು ದಿನ ಆಗದವರ ಮೇಲೆ ಸಿಟ್ಟಾಗಿ ಬೈದರು. ಅವಳು ಸ್ವಲ್ಪ ಹೊತ್ತು ಇವರ ಮುಖವನ್ನೇ ನೋಡಿ, "ಸರಿ ಅಣ್ಣ, ನಾಳೆ ಬರ್ತೀನಿ" ಎಂದು ಎದ್ದು ಹೋಗುವಳು. ಅವಳು ಹೋದ ಮೇಲೆ ನಾನು ಇವರನ್ನು ಬಿಡುತ್ತಿರಲಿಲ್ಲ. ಹಾಕಿಕೊಂಡು ರುಬ್ಬಿದೆ. ಊಟಕ್ಕೆ ಕರೆಯುವುದನ್ನು ನಿಲ್ಲಿಸಿದೆ. ಕೊನೆಗೆ ಒಂದು ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನಗರ ಕಚೇರಿಗೆ ಹೊರಟರು. ಸಂಜೆ ಬಂದು, ಮೇಡಂ ಇರಲಿಲ್ಲ ಎಂದರು. ಮರುದಿನ ಮತ್ತೆ ಹೋದರು. ಮತ್ತೆ ಇರಲಿಲ್ಲ.

ಮೂರನೆಯ ಸಲ ನಾನು ಹಿಂದೆಯೇ ಹೋದೆ. ಕಚೇರಿಯ ಎದುರಿನ ಬಸ್ ನಿಲ್ದಾಣದಲ್ಲಿ ಕೂತಿದ್ದರು. ಬಸ್ಸುಗಳು ಬಂದವು, ಹೋದವು. ಗೇಟಿನ ತನಕ ಎದ್ದು ಹೋಗುವರು, ಕಾವಲುಗಾರ ತಲೆ ಎತ್ತಿ ನೋಡಿದರೆ ಸಾಕು, ಬೀಡಿ ಅಂಗಡಿ ಕೇಳಲು ಬಂದವರಂತೆ ತಿರುಗಿ ಬಂದು ಕೂರುವರು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ನನ್ನ ಗಂಡ ಇಷ್ಟು ಅಂಜುಬುರುಕ ಎಂದು ನಾಚಿಕೆಯಾಯಿತು. ಹತ್ತಿರ ಹೋಗಿ ಪಕ್ಕದಲ್ಲಿ ಕೂತೆ.

"ನನ್ನನ್ನ ಸರ್ ಅಂದ್ರಲ್ಲೇ ಅವರು," ಎಂದರು, ನೆಲ ನೋಡುತ್ತಾ. "ಹೋಗಿ ನಾನು ಬುರುಡೆ ಬಿಟ್ಟೆ ಅಂತ ಹೇಗೆ ಹೇಳ್ಲಿ?"

"ಬಿಟ್ಟಿದ್ದು ಹೇಗೋ ಹಾಗೇ ಹೇಳಿ."

ಅಂದು ಒಳಗೆ ಹೋದೆವು. ಮೇಡಂ ನಿಜವಾಗಿಯೂ ಇರಲಿಲ್ಲ. ಅಂದು ತಿಂಗಳ ಕೊನೆಯ ದಿನ. ಬರುವ ವಾರ ಶಾಲೆಯ ಸಭಾಂಗಣದಲ್ಲಿ ವರದಿ ಓದುತ್ತಾರೆ, ಹೇಳುವುದಿದ್ದರೆ ಅಲ್ಲಿ ಹೇಳಿ ಎಂದು ಗುಮಾಸ್ತ ಕಳಿಸಿದ. ಹೊರಗೆ ಬಂದಾಗ ಇವರ ಮುಖದ ಮೇಲೆ ಒಂದು ನೆಮ್ಮದಿ ಕಂಡಿತು. ಅದನ್ನು ನಾನು ನೋಡಬಾರದಿತ್ತು.

ಶಾಲೆಯ ಸಭಾಂಗಣ ತುಂಬಿತ್ತು. ಹಿಂದಿನ ಬೆಂಚುಗಳಲ್ಲಿ ಟೀಮಿನ ಹುಡುಗರು, ಮುಂದೆ ನಾದಿನಿ. ಮೇಡಂ ವರದಿ ಓದಿದಳು. ಕರಿಚೇಳು, ಉರಿಗಣ್ಣು, ಕೊನೆಯುಸಿರು ಎಂದು ಒಂದೊಂದೇ ಹೆಸರು ಓದುವಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರಿಗಾದರೂ ಹೇಳುವುದಿದೆಯೇ ಎಂದು ಕೇಳಿದಾಗ ನಾನು ಇವರ ಮೊಣಕೈ ಹಿಡಿದು ಎಬ್ಬಿಸಿದೆ. ಇವರು ಚೀಲದಿಂದ ಮೂರು ಮಾದರಿ ಅಂಗಿಗಳನ್ನು ತೆಗೆದು ಮೇಜಿನ ಮೇಲೆ ಹರವಿದರು.

"ಬಡಕ ಯಾರೋ?" ಎಂದು ಕೇಳಿದರು. ಅಳಿಯ ಎದ್ದು ನಿಂತ. "ಸಿಡಿಲು?" ಅಳಿಯ ನಿಂತೇ ಇದ್ದ. "ಕೊಡಲಿ?" ಅವನೇ. ಸಭೆಯಲ್ಲಿ ನಗು ಎದ್ದಿತು. ಹುಡುಗರಂತೂ ಬೆಂಚು ಬಡಿದರು. ಉಳಿದ ಹೆಸರುಗಳೂ ಹೀಗೇ ಎಂದು ಎಲ್ಲರಿಗೂ ತಿಳಿಯಿತು. ಮೇಡಂ ಮುಖವೂ ಸಡಿಲವಾಯಿತು, ಅಂಗಿ ಎಣಿಸುವ ಬದಲು ಹುಡುಗರನ್ನು ಎಣಿಸಬೇಕಿತ್ತು ಎಂದಳು. ಇಲ್ಲಿಗೇ ನಿಲ್ಲಿಸಿದ್ದರೆ ಇವರು ನಗಿಸಿದ ಮನುಷ್ಯನಾಗಿ ಮನೆಗೆ ಹೋಗಬಹುದಿತ್ತು. ನಿಲ್ಲಿಸುತ್ತಾರೆಂದೇ ನಾನು ಹೆದರಿದ್ದೆ.

"ಮೂರು ಹೊಡೆದ ಅಂದೆನಲ್ಲ ಮೇಡಂ, ಅದು ಗೋಲು," ಎಂದರು. "ನೀವು ಜನಕ್ಕೆ ಹೊಡೆದ ಅಂತ ತಿಳ್ಕೊಂಡ್ರಿ. ನೀವು ಹಾಗೆ ತಿಳ್ಕೊಂಡಿದ್ದು ನಂಗೆ ಆಗಲೇ ಗೊತ್ತಾಯ್ತು. ಗೊತ್ತಾಗಿಯೂ ಸುಮ್ನಿದ್ದೆ. ನೀವು ಇನ್ನೊಂದು ಸ್ವಲ್ಪ ಹೊತ್ತು ಕೂತು ಕೇಳ್ಲಿ ಅಂತ."

ನಗು ನಿಂತುಹೋಯಿತು. ನಾದಿನಿ ತಿರುಗಿ ನೋಡಲಿಲ್ಲ. ಅವಳ ಜಡೆ, ಬೆನ್ನು, ಅಷ್ಟೇ ನಮಗೆ ಕಾಣುತ್ತಿದ್ದದ್ದು. ಮೇಡಂ ವರದಿಯಲ್ಲಿ ನಮ್ಮ ಬೀದಿಯ ಬಗ್ಗೆ ಬರೆದದ್ದನ್ನೆಲ್ಲ ಗೀಟು ಎಳೆದು ಹೊಡೆದುಹಾಕಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ಹಾಗಾದ್ರೆ ಈ ಬೀದೀಲಿ ಯಾರಿಗೂ ಯಾರ ಭಯಾನೂ ಇಲ್ವಾ?" ಇಡೀ ಸಭೆ ತನ್ನ ತನ್ನ ಚಪ್ಪಲಿ ನೋಡಿತು. ನಾನೂ ನೋಡಿದೆ. ಬಂಕಿನ ಹತ್ತಿರದವರ ಹೆಸರು ಅಂದೂ ಯಾರ ಬಾಯಿಂದಲೂ ಬರಲಿಲ್ಲ. ವರದಿಯಲ್ಲಿ ನಮ್ಮ ಬೀದಿಯ ಎದುರಿಗೆ ಸೊನ್ನೆ ಬಿತ್ತು.

ತಿದ್ದಿದ ಪತ್ರ ಅಗ್ನಿಶಾಮಕ ದಳಕ್ಕೆ ಹೋಯಿತು. ಅಳಿಯನ ಜಾಗಕ್ಕೆ ಅಷ್ಟರಲ್ಲಿ ಬೇರೊಬ್ಬ ಸೇರಿ ತರಬೇತಿ ಶುರುವಾಗಿತ್ತು. ಮುಂದಿನ ಸಲ ಕರೆದಾಗ ಬಾ ಎಂದರು. ಮುಂದಿನ ಸಲ ಯಾವಾಗ ಎಂದು ಅವರಿಗೂ ಗೊತ್ತಿಲ್ಲ. ಅವನು ಈಗ ಅವರಮ್ಮನ ಕ್ಯಾಂಟೀನಿನಲ್ಲೇ ಪಾತ್ರೆ ತೊಳೆಯುತ್ತಿದ್ದಾನೆ.

ಸಭೆ ನಡೆದ ಮರುದಿನ ನಾವಿಬ್ಬರೂ ನಾದಿನಿಯ ಮನೆಗೆ ಹೋದೆವು. ಅವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಸೊಪ್ಪು ಸೋಸುತ್ತಿದ್ದಳು. ಅಳಿಯ ನಮ್ಮನ್ನು ನೋಡಿ, ಬನ್ನಿ ಮಾವ, ಬನ್ನಿ ಅತ್ತೆ ಎಂದು ಚಾಪೆ ಹಾಸಿ, ತಾನು ಹೊರಗೆ ಹೋದ. ಇವರು ಚಾಪೆಯ ಮೇಲೆ ಕೂರಲಿಲ್ಲ. ತಂಗಿಯ ಎದುರಿಗೆ ಬರಿ ನೆಲದಲ್ಲಿ ಕೂತರು.

"ಹೊಟ್ಟೆಗೆ ಹಾಕ್ಕೋ," ಎಂದರು. "ನಾನು ನಿನಗೆ ಮುಂಚೇನೇ ಹೇಳ್ಬೇಕಿತ್ತು."

ಅವಳು ಒಂದು ಕಡ್ಡಿ ಮುರಿದು ಪಕ್ಕಕ್ಕಿಟ್ಟಳು. "ನಂಗೆ ಗೊತ್ತಿತ್ತು ಅಣ್ಣ."

"ಯಾವಾಗಿಂದ?"

"ಪತ್ರ ಬಂದ ದಿನದಿಂದ. ಅವನು ಮೂರು ಹೊಡೆದಿದ್ದನ್ನ ಅಷ್ಟು ಮೆರೆಸಿ ಹೇಳೋರು ನೀನು ಬಿಟ್ರೆ ಇನ್ಯಾರಿದ್ದಾರೆ? ನಾನೇ ಹೋಗಿ ಹೇಳೋಣ ಅಂತ ಕಚೇರಿಗೂ ಹೋಗಿದ್ದೆ. ಹೇಳಿದೋರೇ ಬಂದು ತಿದ್ಬೇಕು ಅಂದ್ರು."

ಇವರ ಕೈ ಸೊಪ್ಪಿನ ಕಟ್ಟಿನ ಮೇಲೆ ಹೋಯಿತು, ಸುಮ್ಮನೆ ಎಲೆ ಕೀಳತೊಡಗಿದರು. "ಮತ್ತೆ ಗೊತ್ತಿದ್ದೂ ನನ್ನನ್ನ ಯಾಕೆ ಕೇಳ್ಲಿಲ್ಲ?"

ಅವಳು ಅಂದು ಮೊದಲ ಸಲ ತಲೆ ಎತ್ತಿ ಅಣ್ಣನ ಮುಖ ನೋಡಿದಳು.

"ದಿನಾ ಬಂದು ಕೇಳ್ತಿದ್ದೆನಲ್ಲ," ಎಂದಳು.